ಬದಿಯಡ್ಕದ ಬೋರ್ಡಿಲ್ಲದ ರಿಪೇರಿ ಅಂಗಡಿ: ಹುಲ್ಲು ಮೆಷಿನಿನ ಪೆಟ್ರೋಲ್ ಲೀಕು ಕಡೆಗೂ ನಿಂತದ್ದು ಇಲ್ಲಿ

ಐದಕ್ಕೆ ಐದು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೇನೆ, ಮನೇಲಿ ಪೆಟ್ರೋಲಿನ ಹುಲ್ಲು ಮೆಷಿನ್ ಇದ್ದವರು ಪುರುಸೊತ್ತು ಮಾಡಿಕೊಂಡು ಓದಿ. ಅಂಗಡಿ ಇರುದು ಕಾಸರಗೋಡಿನ ಬದಿಯಡ್ಕ ಪೇಟೆಯಿಂದ ಮುಳ್ಳೇರಿಯ ರಸ್ತೆಗೆ ತಿರುಗಿ ಸ್ವಲ್ಪ ಮುಂದೆ, ತಗಡು ಶೀಟಿನ ಮಾಡು, ಬೋರ್ಡು ಇಲ್ಲ, ಎದುರಿನ ಅಡ್ಡಕ್ಕೆ ಕಾಡು ಕಡಿಯುವ ಮೆಷಿನುಗಳನ್ನು ಸಾಲಾಗಿ ನೇತು ಹಾಕಿರ್ತಾರೆ, ಕೆಳಗೆ ಪಂಪ್ ಸೆಟ್ಟುಗಳು. ಅದೇ ಗುರ್ತ.

ನಮ್ಮದು ಕಾಡು ಕಡಿಯುವ ಹೆಗಲಿಗೆ ಹಾಕುವ ಮೆಷಿನ್ ಅಲ್ಲ, ನಾಲ್ಕು ಚಕ್ರದ ದೂಡಿಕೊಂಡು ಹೋಗುವ ಲಾನ್ ಮೂವರ್. ಅಡಕೆ ತೋಟದ ಊರಲ್ಲಿ ಇದು ಎಂತಕ್ಕೆ ಅಂತ ಕೇಳಿದವರೇ ಜಾಸ್ತಿ. ನಮ್ಮ ಮನೆ ಎದುರಿನ ಗದ್ದೆ ಬೇಸಾಯ ನಿಂತು ಸುಮಾರು ವರ್ಷ ಆಯ್ತು, ಮಣ್ಣು ತುಂಬಿಸಿ ತೆಂಗು ನಡ್ಲಿಕ್ಕೆ ಮಾವನವರಿಗೆ ಮನಸ್ಸಿರ್ಲಿಲ್ಲ, ಹಾಗೆ ಅದು ಹುಲ್ಲುಗದ್ದೆ ಆಗಿ ಉಳಿಯಿತು, ಸಂಜೆ ಮಕ್ಕಳಿಗೆ ವಾಲಿಬಾಲಿಗೆ ಆಗ್ತದೆ, ಕಡಿದ ಹುಲ್ಲು ಕೊಟ್ಟಿಗೆಗೆ ಆಗ್ತದೆ. ಬೇಕಲದ ಕಡೆ ಒಂದು ಕಡೆ ಹುಲ್ಲುಹಾಸಿಗೆ ಉಪಯೋಗಿಸಿದ ಮೆಷಿನ್ ಹಳತು ಸಿಕ್ತದೆ ಅಂತ ನನ್ನ ತಮ್ಮ ಹೇಳಿ ತಂದದ್ದು, 160 ಸಿಸಿ ಆಸುಪಾಸಿನ ಫೋರ್ ಸ್ಟ್ರೋಕ್ ಇಂಜಿನ್, ಹಿಂದೆ ಹುಲ್ಲು ತುಂಬುವ ಚೀಲ ಉಂಟು. ಯಜಮಾನ್ರಿಗೆ ತೋಟದ ಕೆಲಸವೇ ಬೆಟ್ಟದಷ್ಟು ಇರ್ತದೆ, ಹಾಗಾಗಿ ಇದನ್ನು ಓಡಿಸುದು ನಾನೇ, ಶನಿವಾರ ಶಾಲೆ ಇಲ್ಲದ ದಿವಸ. ಎರಡು ವರ್ಷ ಒಂದು ಉಪದ್ರವೂ ಇರ್ಲಿಲ್ಲ.

ಉಪದ್ರ ಶುರುವಾದದ್ದು ಹೋದ ಅಕ್ಟೋಬರಲ್ಲಿ. ಮಳೆಗಾಲದಲ್ಲಿ ಆ ಗದ್ದೆಗೆ ಚಕ್ರ ಇಳಿಸ್ಲಿಕ್ಕೆ ಆಗುದಿಲ್ಲ, ಹೂತು ಹೋಗ್ತದೆ, ಮೇ ಕೊನೆಗೆ ಒಂದು ಸಲ ಕಡಿದು ಇಟ್ರೆ ಮತ್ತೆ ನವರಾತ್ರಿ ಕಳೆದೇ ತೆಗೆಯುದು. ಟ್ಯಾಂಕಿಲಿ ಅರ್ಧ ಪೆಟ್ರೋಲ್ ಇತ್ತು, ಹಾಗೇ ಬಿಟ್ಟಿದ್ದೆ, ನಾಲ್ಕು ತಿಂಗಳ ಮಳೆ ಪೂರಾ ಅದು ಸೌದೆ ಕೊಟ್ಟಿಗೆಲೇ ಕೂತಿತ್ತು. ತೆಗೆದು ಹಗ್ಗ ಎಳೆದೆ, ಏಳೆಂಟು ಸಲ ಎಳೆದ ಮೇಲೆ ಕಪ್ಪು ಹೊಗೆ ಬಿಟ್ಟುಕೊಂಡು ಸ್ಟಾರ್ಟ್ ಆಯ್ತು, ಒಂದು ಸುತ್ತು ಕಡಿದೆ, ಹುಲ್ಲು ತಂದು ಹಸುವಿನ ಎದುರು ಹಾಕಿದೆ. ನಮ್ಮದು ಕಾಸರಗೋಡು ಗಿಡ್ಡ ತಳಿ, ಹುಲ್ಲು ಸೊಪ್ಪು ಎಂತ ಹಾಕಿದ್ರೂ ಬೇಡ ಅಂತ ಹೇಳಿದ ಜಾತಿ ಅಲ್ಲ ಅದು. ಮೂಸಿ ನೋಡಿ ಹಿಂದೆ ಸರಿದು ನಿಂತಿತು. ನಾನು ಬಗ್ಗಿ ಮೂಸಿದೆ, ಹುಲ್ಲಿಗೆ ಪೆಟ್ರೋಲ್ ವಾಸನೆ.

ಆವತ್ತು ರಾತ್ರಿ ಅತ್ತೆ ಕೇಳಿದ್ರು, "ಎಂತದು ಮಗಾ, ಬಚ್ಚಲಿನವರೆಗೆ ಪೆಟ್ರೋಲ್ ವಾಸನೆ ಬರ್ತಾ ಉಂಟಲ್ಲ" ಅಂತ. ನನಗೆ ಎದೆ ಧಸಕ್ ಅಂತು. ನಮ್ಮ ಕಡೆಯ ಹಳೇ ಮನೆಗಳು ಹೇಗೆ ಅಂತ ನಿಮಗೆ ಗೊತ್ತುಂಟಲ್ಲ, ಸೌದೆ ಕೊಟ್ಟಿಗೆಗೆ ತಾಗಿಯೇ ಬಚ್ಚಲು, ಬಚ್ಚಲಲ್ಲಿ ಹಂಡೆ, ಹಂಡೆಯ ಕೆಳಗೆ ಬೆಳಿಗ್ಗೆ ಸಂಜೆ ಬೆಂಕಿ, ಮೂಲೆಲಿ ಒಣಗಿದ ಅಡಕೆ ಸಿಪ್ಪೆ ತೆಂಗಿನ ಗರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲೆ ಹೋಗಿ ಹಾರಿ ಹೋಗುದಿಲ್ಲ, ನೆಲದಲ್ಲೇ ಹರಡಿಕೊಂಡು ತಗ್ಗಿಗೆ ಹೋಗ್ತದೆ, ಬೆಂಕಿ ಎಲ್ಲಿ ಉಂಟೋ ಅಲ್ಲಿಯವರೆಗೂ ಹೋಗ್ತದೆ. ಟಾರ್ಚು ಹಾಕಿ ನೋಡಿದ್ರೆ ಮೆಷಿನಿನ ಅಡಿಲಿ ನೆಲ ಅಂಗೈ ಅಗಲ ಒದ್ದೆ. ಆ ಹೊತ್ತಿಗೇ ಹೊರಗೆ ಅಂಗಳಕ್ಕೆ ದೂಡಿಕೊಂಡು ಹೋಗಿ ಇಟ್ಟೆ. ಅದಕ್ಕೇ ಮೊದ್ಲೇ ಹೇಳ್ತೇನೆ, ಲೀಕು ಯಾವುದೇ ಇರ್ಲಿ, ಎಷ್ಟೇ ಚಿಕ್ಕದಿರ್ಲಿ, ಮೆಷಿನನ್ನು ಮೊದಲು ಬೆಂಕಿಯ ಹತ್ರದಿಂದ ಹೊರಗೆ ತನ್ನಿ, ಪೆಟ್ರೋಲ್ ಕಾಕ್ (ಟ್ಯಾಂಕಿಂದ ಪೆಟ್ರೋಲ್ ಬಿಡುವ ನಲ್ಲಿ) ಬಂದ್ ಮಾಡಿ, ರಿಪೇರಿಯ ಮಾತು ಆಮೇಲೆ.

ಮೊದಲು ಹೋದದ್ದು ಈ ಅಂಗಡಿಗೆ ಅಲ್ಲ. ಪೇಟೆಲಿ ಎಸಿ ಹಾಕಿದ ದೊಡ್ಡ ಅಂಗಡಿ ಒಂದಕ್ಕೆ, ಹೆಸರು ಹೇಳುದಿಲ್ಲ. ಅಲ್ಲಿ ಕಾರ್ಬೊರೇಟರಿನ, ಅಂದ್ರೆ ಪೆಟ್ರೋಲನ್ನು ಗಾಳಿ ಜೊತೆ ಬೆರೆಸಿ ಇಂಜಿನಿಗೆ ಕೊಡುವ ಭಾಗದ, ಅಡಿಯ ಬೌಲ್ ಬಿಚ್ಚಿ ಕಪ್ಪು ಅಂಟು ಸುತ್ತ ಬಳಿದು ಟೈಟ್ ಮಾಡಿ ಕೊಟ್ರು, 850 ರೂಪಾಯಿ. ಹನ್ನೊಂದು ದಿವಸ ಸರಿ ಇತ್ತು. ಹನ್ನೆರಡನೇ ದಿವಸ ಪುನಃ ನೆಲ ಒದ್ದೆ. ಪುನಃ ತೆಕ್ಕೊಂಡು ಹೋದ್ರೆ ಬಿಚ್ಚಿ ನೋಡದೆಯೇ, "ಕಾರ್ಬೊರೇಟರ್ ಹೋಗಿದೆ, ಹೊಸತು ಹಾಕ್ಬೇಕು, 3,600 ಆಗ್ತದೆ" ಅಂತ ಹೇಳಿದ್ರು. ಎಂತ ಹೋಗಿದೆ ಅಂತ ಕೇಳಿದೆ. ಉತ್ತರ ಇಲ್ಲ. ನನಗೆ ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು ಅದು, ಎಂತ ಹಾಳಾಗಿದೆ ಅಂತ ಗೊತ್ತಿಲ್ಲದೆ ಬದಲಿಸಿದ್ರೆ ಹೊಸತೂ ಹಾಗೇ ಆಗುದಿಲ್ಲ ಅಂತ ಹೇಗೆ ಹೇಳುದು?

ಆಮೇಲೆ ಈ ಅಂಗಡಿಯ ವಿಷಯ ಹೇಳಿದ್ದು ನಮ್ಮ ಹಾಲಿನ ಸೊಸೈಟಿಲಿ ಸಿಕ್ಕಿದ ಒಬ್ರು ಅಕ್ಕ, ಅವರ ಪಂಪು ಇಪ್ಪತ್ತು ವರ್ಷದಿಂದ ಇವರೇ ನೋಡುದಂತೆ. ಗೂಡ್ಸ್ ರಿಕ್ಷಾಲಿ ಹಾಕಿಕೊಂಡು ಹೋದೆ. ರಿಕ್ಷಾದಿಂದ ಇಳಿಸುವಾಗಲೇ ಮೆಕ್ಯಾನಿಕ್ ಅಣ್ಣ ಕೇಳಿದ ಮೊದಲ ಪ್ರಶ್ನೆ, "ಟೀಚರೇ, ಇದನ್ನು ಯಾರು ಹೀಗೆ ಮಲಗಿಸಿದ್ದು?" ನಾವು ಹಿಡಿ ಮಡಚಿ ಯಾವ ಬದಿ ಅನುಕೂಲ ಆಗ್ತದೋ ಆ ಬದಿಗೆ ಅಡ್ಡ ಹಾಕಿದ್ದು. ಅವರು ಹೇಳಿದ್ರು, ಈ ನಮೂನೆ ಮೆಷಿನನ್ನು ಅಡ್ಡ ಹಾಕ್ಲಿಕ್ಕೆ ಇದ್ರೆ ಕಾರ್ಬೊರೇಟರ್ ಮತ್ತು ಏರ್ ಫಿಲ್ಟರ್ ಇರುವ ಬದಿ ಯಾವಾಗ್ಲೂ ಆಕಾಶಕ್ಕೆ ಇರ್ಬೇಕು, ಇಲ್ಲದಿದ್ರೆ ಆಯಿಲ್ಲೂ ಪೆಟ್ರೋಲೂ ಫಿಲ್ಟರಿಗೆ ಇಳೀತದೆ. ಫಿಲ್ಟರ್ ತೆಗೆದು ತೋರಿಸಿದ್ರು, ಹಿಂಡಿದ್ರೆ ತೊಟ್ಟಿಕ್ಕುವಷ್ಟು ಒದ್ದೆ. ಬ್ಲೇಡ್ ತೊಳೀಲಿಕ್ಕೆ ಅಂತ ನಾನು ಎಷ್ಟು ಸಲ ತಪ್ಪು ಬದಿಗೆ ಮಲಗಿಸಿದ್ದೇನೋ.

ಈಗ ಕೇಳಿ ಇವರು ಹೇಗೆ ನೋಡಿದ್ದು ಅಂತ, ಈ ರಿವ್ಯೂ ಬರೀಲಿಕ್ಕೆ ಕಾರಣವೇ ಅದು. ಸ್ಪ್ಯಾನರ್ ಮುಟ್ಟಲೇ ಇಲ್ಲ ಅವರು ಮೊದಲಿಗೆ. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದು ಬದಿಗೆ ಇಟ್ರು. ಕಾರ್ಬೊರೇಟರನ್ನು ಹೊರಗಿಂದ ಬಟ್ಟೆಲಿ ಚೆಂದ ಒರೆಸಿ ಒಣಗಿಸಿ, ಬೌಲಿನ ಸುತ್ತ ಮುಖಕ್ಕೆ ಹಾಕುವ ಪೌಡರ್ ಒಂಚೂರು ಹಾರಿಸಿ, ಅಡಿಗೆ ಬಿಳಿ ಕಾಗದ ಹಾಸಿದ್ರು. ಕಾಕ್ ಬಂದ್ ಇದ್ದ ಹಾಗೇ ಹತ್ತು ನಿಮಿಷ. ಆ ಹೊತ್ತಲ್ಲಿ ಬೇರೆಯವರ ಪಂಪಿನ ಕೆಲಸ ಮಾಡ್ತಾ ಇದ್ರು. ಕಾಗದ ಒಣಗಿದ್ದೇ ಇತ್ತು. "ನೋಡಿ, ಟ್ಯಾಂಕಿಲಿ, ಕಾಕಿನವರೆಗಿನ ಪೈಪಲ್ಲಿ ಲೀಕಿಲ್ಲ ಅಂತ ಆಯ್ತು" ಅಂತ ಹೇಳಿ ಕಾಕ್ ತೆಗೆದ್ರು. ನಾಲ್ಕು ನಿಮಿಷಕ್ಕೆ ಏರ್ ಫಿಲ್ಟರ್ ಕೂರುವ ಬಾಯಿಯಿಂದ ಒಂದು ಹನಿ ಇಳಿದು ಬಂತು, ಮತ್ತೆ ಇನ್ನೊಂದು. ಬೌಲಿನ ಅಂಚಿನ ಪೌಡರ್ ಒಣಗಿದ್ದು ಒಣಗಿದ ಹಾಗೇ ಇತ್ತು.

ಅವರು ಹೇಳಿದ್ದನ್ನು ನನಗೆ ನೆನಪಿದ್ದ ಹಾಗೆ ಬರೀತೇನೆ. ಹನಿ ಬೌಲಿನ ಅಂಚಿಂದ ಬಂದ್ರೆ ಅಲ್ಲಿ ಕೂರುವ ರಬ್ಬರ್ ಪ್ಯಾಕಿಂಗ್ ಹೋಗಿದೆ ಅಥವಾ ಸರಿ ಕೂತಿಲ್ಲ. ಬೌಲಿನ ಅಡಿಯ ಬೋಲ್ಟಿಂದ ಬಂದ್ರೆ ಅದರ ವಾಷರ್. ಪೈಪಿನ ತುದಿಯಿಂದ ಬಂದ್ರೆ ಪೈಪು ಸೀಳಿದೆ ಇಲ್ಲಾ ಕ್ಲಿಪ್ ಸಡಿಲ. ಆದ್ರೆ ಏರ್ ಫಿಲ್ಟರಿನ ಬಾಯಿಯಿಂದ ಬಂದ್ರೆ ಅದು ಲೀಕು ಅಲ್ಲವೇ ಅಲ್ಲ, ಅದು ಓವರ್ ಫ್ಲೋ. ಬೌಲಿಗೆ ಬೇಕಾದದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಬರ್ತಾ ಉಂಟು, ನಿಲ್ಲಿಸ್ಬೇಕಾದದ್ದು ನಿಲ್ಲಿಸ್ತಾ ಇಲ್ಲ. ಅದಕ್ಕೆ ಬೌಲಿನ ಸುತ್ತ ಎಷ್ಟು ಅಂಟು ಬಳಿದ್ರೂ ಪ್ರಯೋಜನ ಇಲ್ಲ. ಹನ್ನೊಂದು ದಿವಸ ಹೇಗೆ ನಿಂತಿತು ಹಾಗಾದ್ರೆ ಅಂತ ಕೇಳಿದೆ. ಬೌಲ್ ಬಿಚ್ಚಿದಾಗ ಒಳಗಿನ ಕಸ ಒಂಚೂರು ಅಲ್ಲಾಡಿ ಜಾಗ ಬಿಟ್ಟಿರ್ತದೆ, ಪುನಃ ಬಂದು ಕೂರುವವರೆಗೆ ಸರಿ ಇರ್ತದೆ ಅಂತ ಹೇಳಿದ್ರು. ಸ್ಕ್ರೂಡ್ರೈವರಿನ ಹಿಡಿಯಲ್ಲಿ ಬೌಲಿಗೆ ಮೆಲ್ಲ ಕುಟ್ಟಿದ್ರೆ ಹನಿ ನಿಲ್ತದೆ ಅಂತ ನಮ್ಮಲ್ಲಿ ಸುಮಾರು ಜನ ಹೇಳ್ತಾರಲ್ಲ, ಅದೂ ಇದೇ ಲೆಕ್ಕ, ಆ ಹೊತ್ತಿಗೆ ಮಾತ್ರ.

ಬೌಲ್ ಬಿಚ್ಚಿದ ಮೇಲೆ ಒಳಗಿನ ಕಥೆ ವಿವರಿಸ್ಲಿಕ್ಕೆ ಅವರು ತೋರಿಸಿದ್ದು ಅಂಗಡಿಯ ಮಾಡಿನ ಮೇಲಿನ ನೀರಿನ ಟ್ಯಾಂಕಿ. ಅದರೊಳಗೆ ಚೆಂಡು ತೇಲ್ತದಲ್ಲ, ನೀರು ತುಂಬಿದ ಹಾಗೆ ಚೆಂಡು ಮೇಲೆ ಬಂದು ವಾಲ್ವನ್ನು ಬಂದ್ ಮಾಡ್ತದೆ, ಇಲ್ಲೂ ಅದೇ. ಬೌಲಿನೊಳಗೆ ಪ್ಲಾಸ್ಟಿಕ್ಕಿನ ಫ್ಲೋಟ್, ಅದರ ಮೇಲೆ ನೀಡಲ್ ಅಂತ ಒಂದು ಚಿಕ್ಕ ಪಿನ್ನು, ಅದರ ತುದಿ ರಬ್ಬರು, ಪೆಟ್ರೋಲ್ ತುಂಬಿದ ಕೂಡ್ಲೆ ಫ್ಲೋಟ್ ಎದ್ದು ಆ ತುದಿಯನ್ನು ಹಿತ್ತಾಳೆಯ ಸೀಟಿಗೆ, ಅಂದ್ರೆ ಪೆಟ್ರೋಲ್ ಬರುವ ತೂತಿನ ಬಾಯಿಗೆ, ಒತ್ತಿ ಹಿಡೀತದೆ. ಟ್ಯಾಂಕಿ ಮೇಲೆ, ಕಾರ್ಬೊರೇಟರ್ ಕೆಳಗೆ, ಪೆಟ್ರೋಲ್ ತನ್ನಷ್ಟಕ್ಕೇ ಇಳೀತದೆ, ತಡೆದು ನಿಲ್ಲಿಸುದು ಆ ಕಡಲೆಯಷ್ಟೂ ಇಲ್ಲದ ರಬ್ಬರಿನ ತುದಿ ಮಾತ್ರ. ಹಾಗಾಗಿಯೇ ಇಂಜಿನ್ ಬಂದ್ ಇರುವಾಗ, ರಾತ್ರಿ, ಯಾರೂ ನೋಡದ ಹೊತ್ತಲ್ಲಿ ಹನಿಯುದು.

ಓವರ್ ಫ್ಲೋಗೆ ಮೂರು ಕಡೆ ನೋಡ್ಬೇಕಂತೆ. ಫ್ಲೋಟ್ ಒಡೆದು ಒಳಗೆ ಪೆಟ್ರೋಲ್ ಹೋದ್ರೆ ಅದು ಭಾರ ಆಗಿ ಏಳುದಿಲ್ಲ. ಕಿವಿ ಹತ್ರ ಹಿಡಿದು ಕುಲುಕಿದ್ರು, ಸದ್ದಿಲ್ಲ. ಅಷ್ಟಕ್ಕೆ ಬಿಡ್ಲಿಲ್ಲ, ಪಕ್ಕದ ಹೋಟೆಲಿಂದ ಒಂದು ಲೋಟ ಬಿಸಿನೀರು ತರಿಸಿ ಅದರಲ್ಲಿ ಮುಳುಗಿಸಿ ಹಿಡಿದ್ರು, ಸೂಜಿ ಮೊನೆಯಷ್ಟು ತೂತು ಇದ್ರೂ ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಗುಳ್ಳೆ ಬರ್ತದೆ. ಗುಳ್ಳೆ ಬರ್ಲಿಲ್ಲ. ಫ್ಲೋಟ್ ಸರಿ ಉಂಟು. ಮತ್ತೆ ಫ್ಲೋಟಿನ ಅಡ್ಡ ಪಿನ್ನು ಬಿಗಿ ಆಗಿ ಸಿಕ್ಕಿಕೊಂಡಿದೆಯಾ ನೋಡಿದ್ರು, ಅದೂ ಇಲ್ಲ. ಉಳಿದದ್ದು ನೀಡಲ್ಲು ಮತ್ತು ಸೀಟು. ಕಾರ್ಬೊರೇಟರನ್ನು ತಲೆಕೆಳಗೆ ಹಿಡಿದ್ರು, ಆಗ ಫ್ಲೋಟಿನ ಭಾರಕ್ಕೇ ನೀಡಲ್ ಬಂದ್ ಆಗಿ ನಿಲ್ಬೇಕು. ಪೆಟ್ರೋಲ್ ಬರುವ ನಳಿಗೆ ಒಂದು ಚಿಕ್ಕ ಪೈಪು, ಪೈಪಿಗೆ ಸೂಜಿ ತೆಗೆದ ಸಿರಿಂಜ್ ಸಿಕ್ಕಿಸಿ ಗಾಳಿ ಒತ್ತಿದ್ರು. ನೀಡಲ್ ಸರಿ ಇದ್ರೆ ಸಿರಿಂಜಿನ ದಂಟು ಒತ್ತಿದ್ದು ವಾಪಸ್ ಬರ್ತದೆ, ನಮ್ಮದು ಸುಯ್ ಅಂತ ಒಳಗೆ ಹೋಗಿಯೇ ಹೋಯ್ತು. ಕೆಲವರು ಇದನ್ನು ಬಾಯಲ್ಲಿ ಊದಿ ನೋಡ್ತಾರೆ, ಪೆಟ್ರೋಲ್ ಬಾಯಿಗೆ ಹೋಗ್ತದೆ, ಹಾಗೆ ಮಾಡ್ಬೇಡಿ ಅಂತ ನನ್ನ ಹತ್ರ ಎರಡೆರಡು ಸಲ ಹೇಳಿದ್ರು.

ನೀಡಲ್ ತೆಗೆದು ಬೆಳಕಿಗೆ ಹಿಡಿದು ಭೂತಗನ್ನಡಿ ಕೊಟ್ರು. ರಬ್ಬರಿನ ತುದಿಯ ಸುತ್ತ ಉಂಗುರದ ಹಾಗೆ ಒಂದು ತಗ್ಗು, ಅದರಲ್ಲಿ ಕಪ್ಪು ಪುಡಿ. ಸೀಟಿನ ಮೇಲೆ ಕಂದು ಬಣ್ಣದ ಅಂಟು ಅಂಟು. ಇಷ್ಟು ಸಿಕ್ಕಿದಾಗ ನನ್ನ ಲೆಕ್ಕದಲ್ಲಿ ಕೆಲಸ ಮುಗೀತು, ಹೊಸ ನೀಡಲ್ ಹಾಕಿದ್ರೆ ಆಯ್ತು. ಅವರಿಗೆ ಮುಗಿದಿರ್ಲಿಲ್ಲ. "ಈ ಕಪ್ಪು ಪುಡಿ ಎಲ್ಲಿಂದ ಬಂತು ಟೀಚರೇ? ಅದನ್ನು ನೋಡದಿದ್ರೆ ಹೊಸ ನೀಡಲ್ಲಿಗೂ ಇದೇ ಗತಿ." ನನಗೆ ಈ ಅಂಗಡಿಯ ಮೇಲೆ ಗೌರವ ಬಂದದ್ದು ಆ ಮಾತಿಗೆ.

ಪುಡಿ ಬಂದದ್ದು ಪೈಪಿಂದ. ಕಾಕಿಂದ ಕಾರ್ಬೊರೇಟರಿಗೆ ಬರುವ ಗೇಣುದ್ದದ ರಬ್ಬರ್ ಪೈಪು, ಹೊರಗಿಂದ ನೋಡ್ಲಿಕ್ಕೆ ಎಂತ ಸಮ ಗಟ್ಟಿಮುಟ್ಟು ಇತ್ತು, ಒಂದು ಹನಿಯೂ ಹೊರಗೆ ಬರ್ತಿರ್ಲಿಲ್ಲ. ಬ್ಲೇಡಲ್ಲಿ ಉದ್ದಕ್ಕೆ ಸೀಳಿ ಒಳಬದಿಯನ್ನು ಬಿಳಿ ಬಟ್ಟೆಗೆ ಉಜ್ಜಿದ್ರು, ಬಟ್ಟೆ ಕಾಡಿಗೆ ಆಯ್ತು. ಒಳಗೋಡೆ ಕರಗಿ ಉದುರ್ತಾ ಇತ್ತು. ಅದು ಪೆಟ್ರೋಲಿಗೆ ಹಾಕುವ ಪೈಪೇ ಅಲ್ಲ ಅಂತ ಅವರ ಅಭಿಪ್ರಾಯ, ನಮಗೆ ಬರುವ ಮೊದ್ಲೇ ಯಾರೋ ಸಿಕ್ಕಿದ ಪೈಪು ಹಾಕಿದ್ದಾರೆ. ಮತ್ತೆ ಟ್ಯಾಂಕಿಯ ಪೆಟ್ರೋಲನ್ನು ಗಾಜಿನ ಕುಪ್ಪಿಗೆ ಇಳಿಸಿ ಬಿಸಿಲಿಲ್ಲದ ಕಡೆ ಅಲ್ಲಾಡದ ಹಾಗೆ ಇಟ್ರು. ಸ್ವಲ್ಪ ಹೊತ್ತಿಗೆ ಅಡಿಲಿ ಎರಡು ಬೆರಳಷ್ಟು ಬೇರೆಯೇ ಒಂದು ಪದರ, ಮೇಲಿನದ್ದು ಒಂದು ಬಣ್ಣ, ಅಡಿಯದ್ದು ಒಂದು ಬಣ್ಣ.

ಇದು ಎಥನಾಲ್ ಅಂತ ಪೆಟ್ರೋಲಿಗೆ ಸೇರಿಸುವ ಆಲ್ಕೋಹಾಲಿನ ವಿಷಯ, ನಮ್ಮ ಕಡೆಯವರು ಎಲ್ರೂ ತಿಳ್ಕೊಳ್ಬೇಕಾದದ್ದು ಅಂತ ನನಗೆ ಅನಿಸ್ತದೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಸೇರಿಸ್ಲಿಕ್ಕೆ ಶುರು ಮಾಡಿದ್ದು 2003ರಲ್ಲಿ, ಆಗ ಶೇಕಡ 5. 2023ರ ಫೆಬ್ರವರಿಲಿ ಶೇಕಡ 20ರ ಪೆಟ್ರೋಲ್ ಪಂಪುಗಳಿಗೆ ಬರ್ಲಿಕ್ಕೆ ಶುರುವಾಯ್ತು, 2025ಕ್ಕೆ ಹೆಚ್ಚುಕಮ್ಮಿ ಎಲ್ಲಾ ಕಡೆ ಅದೇ. ದಿನಾ ಓಡಿಸುವ ಸ್ಕೂಟರಿಗೆ ಪೆಟ್ರೋಲ್ ಹಾಕ್ತಾ ಇರ್ತೇವೆ ಖಾಲಿ ಆಗ್ತಾ ಇರ್ತದೆ, ಅದರಲ್ಲಿ ತಿಂಗಳುಗಟ್ಲೆ ನಿಲ್ಲುದಿಲ್ಲ. ನಾಲ್ಕು ತಿಂಗಳು ಮೂಲೆಲಿ ಕೂರುವ ಮೆಷಿನಿನ ಕಥೆ ಬೇರೆ. ಎಥನಾಲ್ ಗಾಳಿಯ ನೀರಿನ ಪಸೆಯನ್ನು ಎಳ್ಕೊಳ್ತದೆ, ನಮ್ಮ ಜೂನ್ ಜುಲೈಯ ಗಾಳಿಲಿ ಪಸೆಗೆ ಬರಗಾಲವಾ, ಉಪ್ಪಿನ ಭರಣಿ ಮುಚ್ಚಿಟ್ರೂ ಉಪ್ಪು ನೀರಾಗುವ ಊರು. ನೀರು ಒಂದು ಮಟ್ಟ ಮೀರಿದ್ರೆ ಎಥನಾಲೂ ನೀರೂ ಸೇರಿ ಪೆಟ್ರೋಲಿಂದ ಬೇರೆಯಾಗಿ ಅಡಿಗೆ ಇಳೀತದೆ, ಕಾಕ್ ಇರುದೂ ಅಡಿಲೇ, ಸೀದಾ ಕಾರ್ಬೊರೇಟರಿಗೆ. ಅದಕ್ಕೆ ತಡೆಯುವ ರಬ್ಬರ್ ಅಲ್ಲದಿದ್ರೆ ಮೆತ್ತಗಾಗಿ ಊದ್ತದೆ ಇಲ್ಲಾ ಒಡೀತದೆ. ಹಳೇ ಪೆಟ್ರೋಲ್ ಆವಿಯಾಗಿ ಉಳಿದದ್ದು ಗೋಂದಿನ ಹಾಗೆ ಸೀಟಿಗೆ ಹಿಡೀತದೆ. ನಮ್ಮ ಮೆಷಿನಲ್ಲಿ ಇದೆಲ್ಲ ಒಟ್ಟಿಗೇ ಆಗಿತ್ತು.

ಇನ್ನೊಂದು ವಿಷಯ ನಾನು ಕೇಳಿಯೇ ಇರ್ಲಿಲ್ಲ, ಅವರೇ ನೋಡಿದ್ದು. ಇಂಜಿನಿನ ಆಯಿಲ್ ಕಡ್ಡಿ ತೆಗೆದು ಮೂಗಿಗೆ ಹಿಡಿದ್ರು, ಮತ್ತೆ ನನಗೂ ಕೊಟ್ರು. ಪೆಟ್ರೋಲ್ ವಾಸನೆ. ಆಯಿಲ್ ಮಟ್ಟ ಗುರ್ತಿಗಿಂತ ಮೇಲೆ ಇತ್ತು, ನಾನು ಆಯಿಲ್ ಹಾಕದೆ ಮಟ್ಟ ಏರಿದ್ದು ಹೇಗೆ? ಓವರ್ ಫ್ಲೋ ಆದ ಪೆಟ್ರೋಲ್ ಹೊರಗೆ ಮಾತ್ರ ಹೋಗುದಲ್ಲ, ಇಂಜಿನಿನ ವಾಲ್ವ್ ತೆರೆದು ನಿಂತಿದ್ರೆ ಸಿಲಿಂಡರಿನೊಳಗೆ ಇಳಿದು ಪಿಸ್ಟನಿನ ಬದಿಯಿಂದ ಆಯಿಲ್ ಕೋಣೆಗೂ ಹೋಗ್ತದೆ. ಆ ತೆಳ್ಳಗಾದ ಆಯಿಲ್ಲಲ್ಲಿ ಓಡಿಸಿದ್ರೆ ಇಂಜಿನೇ ಹಿಡ್ಕೊಳ್ತದೆ. ಸಿಲಿಂಡರ್ ತುಂಬಿದ್ರೆ ಹಗ್ಗ ಎಳೀಲಿಕ್ಕೇ ಬರುದಿಲ್ಲ, ಆಗ ಬಲ ಹಾಕಿ ಎಳೆಯುದಲ್ಲ, ಪ್ಲಗ್ ಬಿಚ್ಚಿ ನೋಡ್ಬೇಕು. ದೊಡ್ಡ ಅಂಗಡಿಲಿ ಎರಡು ಸಲ ಹೋದಾಗಲೂ ಆಯಿಲ್ ಕಡ್ಡಿಯನ್ನು ಯಾರೂ ಮುಟ್ಟಿರ್ಲಿಲ್ಲ, 3,600 ಕೊಟ್ಟು ಹೊಸ ಕಾರ್ಬೊರೇಟರ್ ಹಾಕಿಸಿದ್ರೂ ಆ ಆಯಿಲ್ಲಲ್ಲೇ ನಾನು ಓಡಿಸ್ತಿದ್ದೆ. ಮತ್ತೆ ಆ ಉದುರುವ ಪೈಪಲ್ಲೇ.

ರಿಪೇರಿ ಮಾಡಿದ್ದು ಚುಟುಕಾಗಿ ಹೇಳ್ತೇನೆ. ಮೊದಲಿನವರು ಬಳಿದ ಕಪ್ಪು ಅಂಟನ್ನು ಪೂರಾ ಕೆರೆದು ತೆಗೆದ್ರು, ಆ ನಮೂನೆ ಅಂಟು ಪೆಟ್ರೋಲಲ್ಲಿ ನೆನೆದು ಚೂರು ಚೂರಾಗಿ ಕಿತ್ತು ಹೋಗಿ ಇಂಜಿನಿಗೆ ಪೆಟ್ರೋಲ್ ಹೋಗುವ ಜೆಟ್ಟಿನ ಸಣ್ಣ ತೂತಿಗೆ ಹೋಗಿ ಕೂರ್ತದೆ, ಒಂದು ಚೂರು ಆಗಲೇ ಜೆಟ್ಟಿನ ಬಾಯಲ್ಲಿ ಇತ್ತು. ಸೀಟನ್ನು ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ ಕ್ಲೀನರ್ ತಾಗಿಸಿ ಒರೆಸಿದ್ರು, ತಂತಿ, ಉಜ್ಜುಕಾಗದ ಯಾವುದೂ ತಾಗಿಸ್ಲಿಕ್ಕೆ ಬಿಡುದಿಲ್ಲ, ಹಿತ್ತಾಳೆಗೆ ಒಂದು ಗೀರು ಬಿದ್ರೆ ಮತ್ತೆ ನೀಡಲ್ ಕೂರುದೇ ಇಲ್ಲ. ಆಗ ನಿಜವಾಗಿ ಕಾರ್ಬೊರೇಟರ್ ಬದಲಿಸ್ಬೇಕಾಗ್ತದೆ. ಹಳೇ ಪ್ಯಾಕಿಂಗ್ ಊದಿ ದೊಡ್ಡದಾಗಿ ಅದರ ಕಣಿಗೆ ಕೂರ್ತಾನೇ ಇರ್ಲಿಲ್ಲ, ಒಂದು ರಾತ್ರಿ ಒಣಗಲಿಕ್ಕೆ ಬಿಟ್ರೆ ಕುಗ್ಗಿ ಸರಿ ಆಗುದೂ ಉಂಟಂತೆ, ಆದ್ರೆ ನಮ್ಮದಕ್ಕೆ ಅಂಟು ತಾಗಿದ್ರಿಂದ ಹೊಸತೇ ಹಾಕಿದ್ದು. ನೀಡಲ್ ಆ ಇಂಜಿನಿನದ್ದೇ ಬೇಕು ಅಂತ ಮಂಗಳೂರಿಂದ ತರಿಸಿದ್ರು, ಅದಕ್ಕೆ ಮೂರು ದಿವಸ ಹೋಯ್ತು. ಸ್ಕೂಟರಿನದ್ದು ಹಾಕಿದ್ರೆ ಆಗುದಿಲ್ವಾ ಅಂತ ಅಲ್ಲಿ ಕೂತಿದ್ದ ಒಬ್ರು ಕೇಳಿದ್ರು. ಉದ್ದ ಕೂದಲಷ್ಟು ವ್ಯತ್ಯಾಸ ಆದ್ರೂ ಬೌಲಿನ ಮಟ್ಟ ಬೇರೆ ಆಗ್ತದೆ, ಈ ಪ್ಲಾಸ್ಟಿಕ್ ಫ್ಲೋಟನ್ನು ಹಳೇ ಹಿತ್ತಾಳೆ ಫ್ಲೋಟಿನ ಹಾಗೆ ನಾಲಗೆ ಬಗ್ಗಿಸಿ ಸರಿ ಮಾಡ್ಲಿಕ್ಕೂ ಆಗುದಿಲ್ಲ ಅಂತ ಹೇಳಿದ್ರು. ಪೈಪು ಹೊಸತು, ಮಧ್ಯೆ ಒಂದು ಚಿಕ್ಕ ಫಿಲ್ಟರ್, ಅದೂ ತನ್ನಷ್ಟಕ್ಕೆ ಇಳಿಯುವ ಪೆಟ್ರೋಲಿಗೆ ಹೊಂದುವ ನಮೂನೆದು, ಪಂಪ್ ಇರುವ ಗಾಡಿದು ಹಾಕಿದ್ರೆ ಸರಿಯಾಗಿ ಇಳೀದೆ ಇಂಜಿನ್ ಮಧ್ಯೆ ಮಧ್ಯೆ ನಿಲ್ತದೆ. ಆಯಿಲ್ ಪೂರಾ ಬದಲಿಸಿದ್ರು, ಅರ್ಧ ಲೀಟರಿಗೆ ಚಿಲ್ಲರೆ ಹೋಯ್ತು.

ಲೆಕ್ಕ: ನೀಡಲ್ 160, ಪ್ಯಾಕಿಂಗ್ 60, ಪೈಪು ಫಿಲ್ಟರ್ ಕ್ಲಿಪ್ಪು ಸೇರಿ 110, ಆಯಿಲ್ 270, ಕೂಲಿ 300. ಒಟ್ಟು 900 ರೂಪಾಯಿ. ತೆಗೆದ ಹಳೇ ಸಾಮಾನುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ತೊಟ್ಟೆಲಿ ಹಾಕಿ ಕೈಗೆ ಕೊಟ್ರು, ನಾನು ಕೇಳಿರ್ಲಿಲ್ಲ. ಕೊಡುವ ಮೊದಲು ಪುನಃ ಅದೇ ಪೌಡರ್, ಅದೇ ಬಿಳಿ ಕಾಗದ, ಕಾಕ್ ತೆಗೆದು ಈ ಸಲ ಅರ್ಧ ಗಂಟೆ. ಕಾಗದ ಒಣಗಿದ್ದೇ ಇತ್ತು.

ಮೈನಸ್ಸೂ ಹೇಳ್ಬೇಕಲ್ಲ. ಫೋನ್ ಮಾಡಿದ್ರೆ ತೆಗೆಯುದು ಅಪರೂಪ, ಕೈಯೆಲ್ಲ ಗ್ರೀಸ್ ಇರುವಾಗ ಹೇಗೆ ತೆಗೆಯುದು ಅಂತ ಕೇಳ್ತಾರೆ, ಅದೂ ಸರಿಯೇ, ಆದ್ರೆ ಪೆರ್ಲ, ಎಣ್ಮಕಜೆ ಕಡೆಯಿಂದ ಬಾಡಿಗೆ ರಿಕ್ಷಾ ಮಾಡಿಕೊಂಡು ಬರುವವರಿಗೆ ಕಷ್ಟ. ಪ್ರಿಂಟಿನ ಬಿಲ್ ಇಲ್ಲ, ಚೀಟಿಲಿ ಬರೆದು ಕೊಡ್ತಾರೆ. ಎದುರು ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಸಾಲದು. ಮೇ ತಿಂಗಳಲ್ಲಂತೂ ಮಳೆಗೆ ಮೊದಲು ಎಲ್ಲರೂ ಮೆಷಿನ್ ತಂದು ಇಟ್ಟು ಹೋಗ್ತಾರೆ, ಒಂದು ವಾರ ಕಾಯ್ಬೇಕಾಗ್ತದೆ. ಮನೆಗೆ ಬಂದು ನೋಡುದಿಲ್ಲ ಅನ್ನುದು ನನಗೆ ನಿಜವಾಗಿ ಬೇಸರದ ವಿಷಯ. ಪ್ರಾಯದವರು ಇಬ್ಬರೇ ಇರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ, ಮಕ್ಕಳು ಬೆಂಗಳೂರು ಗಲ್ಫಲ್ಲಿ ಇರ್ತಾರೆ, 30 ಕಿಲೋ ಹತ್ರ ಇರುವ ಮೆಷಿನನ್ನು ರಿಕ್ಷಾಕ್ಕೆ ಹತ್ತಿಸುದು ಯಾರು? ವಾರಕ್ಕೆ ಒಂದು ದಿವಸ ಆದ್ರೂ ಹಾಗೆ ಹೋಗಿ ಬನ್ನಿ ಅಣ್ಣ ಅಂತ ಹೇಳಿ ಬಂದಿದ್ದೇನೆ. ಮತ್ತೆ ವಾರಂಟಿ ಇರುವ ಮೆಷಿನನ್ನು ಅವರೇ ಮುಟ್ಟುದಿಲ್ಲ, ಕಂಪೆನಿಗೇ ಕೊಂಡು ಹೋಗಿ ಅಂತಾರೆ.

ಭಾಷೆಯ ವಿಷಯ ಒಂದು ಹೇಳದೆ ಇರ್ಲಿಕ್ಕೆ ಆಗುದಿಲ್ಲ. ಕಾಸರಗೋಡಲ್ಲಿ ಇರುವ ನಮಗೆ ಗೊತ್ತುಂಟು, ಮೆಷಿನಿನ ಜೊತೆ ಬರುವ ಪುಸ್ತಕ ಇಂಗ್ಲಿಷಲ್ಲಿ, ಆಫೀಸಿನ ಕಾಗದ ಮಲಯಾಳದಲ್ಲಿ. ನನ್ನ ಅತ್ತೆಯಂತವರಿಗೆ ಎರಡೂ ಓದ್ಲಿಕ್ಕೆ ಬರುದಿಲ್ಲ. ಈ ಅಣ್ಣ ನಾನು ಅಲ್ಲಿ ಕೂತ ಹೊತ್ತಲ್ಲಿ ಒಬ್ಬರ ಹತ್ರ ಮಲಯಾಳ, ಒಬ್ಬರ ಹತ್ರ ತುಳು, ನನ್ನ ಹತ್ರ ಕನ್ನಡ, ಯಾರಿಗೆ ಯಾವುದು ಮನೆಮಾತೋ ಅದರಲ್ಲೇ ಹೇಳ್ತಾ ಇದ್ರು. ಆರ್ಡರ್ ಕೊಟ್ಟ ಹಾಗೆ ಅಲ್ಲ, ಅರ್ಥ ಆಯ್ತಾ ಅಂತ ಮುಖ ನೋಡಿ ನೋಡಿ. ನಾನು ಕನ್ನಡ ಮೀಡಿಯಂ ಶಾಲೆಲಿ ಪಾಠ ಮಾಡುವವಳು, ವಿಜ್ಞಾನವನ್ನು ಕನ್ನಡದಲ್ಲಿ ಹೇಳುದು ಹೇಗೆ ಅಂತ ತಲೆಬೆಶಿ ಮಾಡಿಕೊಳ್ಳುವವಳು, ಅವರು ಆ ನೀರಿನ ಟ್ಯಾಂಕಿ ತೋರಿಸಿ ಹೇಳಿದ್ದನ್ನು ನೋಡಿ ನಿಜವಾಗಿ ಖುಷಿ ಆಯ್ತು. ಆ ತೊಟ್ಟೆಲಿ ಕೊಟ್ಟ ಹಳೇ ನೀಡಲ್ ಮತ್ತು ಸೀಳಿದ ಪೈಪನ್ನು ತೇಲುವ ವಸ್ತುಗಳ ಪಾಠದ ದಿವಸ ಕ್ಲಾಸಿಗೆ ಕೊಂಡು ಹೋದೆ. ಒಬ್ಬ ಹುಡುಗ ನೀಡಲ್ಲಿನ ತುದಿಯ ಉಂಗುರ ನೋಡಿ, "ಟೀಚರ್, ನಮ್ಮ ಅಪ್ಪನ ಮೆಷಿನೂ ಹನಿಯುತ್ತದೆ" ಅಂದ. ಅವರೂ ಈಗ ಇಲ್ಲಿಗೇ ಹೋಗಿ ಬಂದ್ರು, ಅವರದ್ದು ಹೆಗಲಿನ ಮೆಷಿನ್, ಅದಕ್ಕೆ ಫ್ಲೋಟ್ ಇರುದಿಲ್ಲ, ತೆಳು ರಬ್ಬರಿನ ಹಾಳೆ ಇರ್ತದೆ, ಯಾವ ಬದಿಗೆ ತಿರುಗಿಸಿದ್ರೂ ಓಡ್ಬೇಕಲ್ಲ ಅದಕ್ಕೆ. ಲೀಕಿದ್ದದ್ದು ಕೈಯಲ್ಲಿ ಒತ್ತುವ ಪ್ರೈಮರ್ ಗುಳ್ಳೆ ಒಡೆದದ್ದು. ಹತ್ತು ನಿಮಿಷದ ಕೆಲಸ.

ನಮ್ಮ ಮೆಷಿನ್ ನವೆಂಬರಿಂದ ಮೇವರೆಗೆ ಓಡಿತು, ಪ್ರತಿ ಶನಿವಾರ. ಬಿಳಿ ಕಾಗದ ಇನ್ನೂ ಅದರ ಅಡಿಲಿ ಉಂಟು, ಒಂದು ಕಲೆ ಬಿದ್ದಿಲ್ಲ. ಇಡುವ ಜಾಗ ಬದಲಿಸಿದೆವು, ಬಚ್ಚಲ ಬದಿಯಿಂದ ಆಚೆ, ಮೂರು ಬದಿ ಗಾಳಿ ಆಡುವ ಗೊಬ್ಬರದ ಶೆಡ್ಡಿಗೆ. ಕಡಿದಾದ ಮೇಲೆ ಮೊದಲು ಕಾಕ್ ಬಂದ್ ಮಾಡಿ ಇಂಜಿನ್ ತನ್ನಷ್ಟಕ್ಕೆ ನಿಲ್ಲುವವರೆಗೆ ಓಡಿಸಿ ಬಿಡ್ತೇನೆ, ಆಗ ಬೌಲಲ್ಲಿ ಪೆಟ್ರೋಲ್ ಹೆಚ್ಚು ಉಳಿಯುದಿಲ್ಲ. ಈ ಸಲ ಮಳೆಗೆ ಮೊದಲು ಟ್ಯಾಂಕಿ ಪೂರಾ ಖಾಲಿ ಮಾಡಿ, ಬೌಲಿನ ಅಡಿಯ ಸ್ಕ್ರೂ ಬಿಚ್ಚಿ ಉಳಿದ ಹನಿಯನ್ನೂ ಇಳಿಸಿ ಇಟ್ಟಿದ್ದೇನೆ, ಅವರು ಹೇಳಿಕೊಟ್ಟ ಹಾಗೆ, ನಾನೇ ಮಾಡಿದ್ದು. ಹುಲ್ಲು ಹಸು ತಿಂತದೆ.

ಹೋಗುವವರು ಟ್ಯಾಂಕಿ ಖಾಲಿ ಮಾಡಿ, ಏರ್ ಫಿಲ್ಟರಿನ ಬದಿ ಮೇಲೆ ಮಾಡಿ ಹಾಕಿಕೊಂಡು ಹೋಗಿ. ಬೆಳಿಗ್ಗೆ ಒಂಬತ್ತಕ್ಕೆ ತೆಗೀತಾರೆ, ಮಧ್ಯಾಹ್ನ ಒಂದರಿಂದ ಎರಡೂವರೆ ಊಟಕ್ಕೆ ಹೋಗ್ತಾರೆ, ಆದಿತ್ಯವಾರ ರಜೆ.